ಸಂಪಾದಕೀಯ ಪುಟಕ್ಕೆ ಲೇಖನ: ಗ್ರಂಥಾಲಯ ಕರದ ಬಗ್ಗೆ ಬರೆದ ಈ ಕರಡು ಎಲ್ಲಿ ಸೋಲುತ್ತಿದೆ?

ಓದುಗ_ಪೇಟೆಬೀದಿ

ದಿನಪತ್ರಿಕೆಯ ಸಂಪಾದಕೀಯ ಪುಟಕ್ಕೆ ಕಳಿಸಲು ಒಂದು ಲೇಖನ ಬರೆದಿದ್ದೇನೆ. ವಿಷಯ, ನಮ್ಮ ಪಟ್ಟಣದ ಸಾರ್ವಜನಿಕ ಗ್ರಂಥಾಲಯದ ಸ್ಥಿತಿ. 1,150 ಪದ ಆಗಿದೆ. ಪೂರ್ತಿ ಹಾಕಿದರೆ ಯಾರೂ ಓದಲಾರರು, ಹಾಗಾಗಿ ಮೊದಲ ಪ್ಯಾರಾ ಮತ್ತು ಕೊನೆಯ ಪ್ಯಾರಾ ಮಾತ್ರ. ಮುಲಾಜಿಲ್ಲದೆ ಹೇಳಿ.

ಮೊದಲು: “‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯೇ ಇದೆ. ಗ್ರಂಥಾಲಯಗಳು ಜ್ಞಾನದೇಗುಲಗಳು. ಇಂದಿನ ಯಾಂತ್ರಿಕ ಯುಗದಲ್ಲಿ ಮೊಬೈಲ್ ಹಾವಳಿಯಿಂದ ಓದುವ ಹವ್ಯಾಸ ಕ್ಷೀಣಿಸುತ್ತಿರುವುದು ಶೋಚನೀಯ. ಇಂತಹ ಸಂದರ್ಭದಲ್ಲಿ ಗ್ರಂಥಾಲಯಗಳನ್ನು ಉಳಿಸಿ ಬೆಳೆಸಬೇಕಾದ ಸರ್ಕಾರವೇ ಕಣ್ಣು ಮುಚ್ಚಿ ಕುಳಿತಿರುವುದು ವಿಪರ್ಯಾಸ.”

ಕೊನೆಗೆ: “ಇನ್ನಾದರೂ ಸರ್ಕಾರ ಎಚ್ಚೆತ್ತುಕೊಂಡು, ಸಂಬಂಧಪಟ್ಟ ಅಧಿಕಾರಿಗಳು ಇತ್ತ ಗಮನ ಹರಿಸಿ, ಗ್ರಂಥಾಲಯಗಳಿಗೆ ಕಾಯಕಲ್ಪ ನೀಡಬೇಕಿದೆ. ಇಲ್ಲವಾದರೆ ಮುಂದಿನ ಪೀಳಿಗೆ ನಮ್ಮನ್ನು ಕ್ಷಮಿಸದು.”

ನಡುವೆ ಗ್ರಂಥಾಲಯದ ಇತಿಹಾಸ, ಓದಿನ ಮಹತ್ವ, ಪುಸ್ತಕಗಳ ಕೊರತೆ, ಸೋರುವ ಚಾವಣಿ, ಹಳೇ ಪತ್ರಿಕೆಗಳು, ತೆರೆಯುವ ವೇಳೆ, ಆಸ್ತಿ ತೆರಿಗೆಯ ಜೊತೆ ವಸೂಲಾಗುವ ಗ್ರಂಥಾಲಯ ಕರದ ಬಾಕಿ, ಇ-ಪುಸ್ತಕ, ಎಲ್ಲ ಇದೆ.

ಡೆಸ್ಕ್_ಪಾಳಿ

ಎಲ್ಲ ಇದೆ ಎನ್ನುವುದೇ ತೊಂದರೆ.

ಪುಟ ಕಟ್ಟುವವರು ಬಂದ ಲೇಖನವನ್ನು ಪೂರ್ತಿ ಓದಿ ಆಮೇಲೆ ನಿರ್ಧರಿಸುವುದಿಲ್ಲ. ಮೇಲ್ ತೆರೆಯುತ್ತಾರೆ, ಮೊದಲ ಪ್ಯಾರಾ ನೋಡುತ್ತಾರೆ, ಕೊನೆಯ ಪ್ಯಾರಾಕ್ಕೆ ಹಾರುತ್ತಾರೆ, ಪದ ಎಷ್ಟಿದೆ ನೋಡುತ್ತಾರೆ. ನಿಮ್ಮ ಮೊದಲ ಪ್ಯಾರಾವನ್ನು ಯಾವ ಊರಿನ ಯಾವ ಗ್ರಂಥಾಲಯದ ಲೇಖನಕ್ಕಾದರೂ ಅಂಟಿಸಬಹುದು. ಕೊನೆಯದನ್ನು ಕೆರೆ, ಬಸ್ ನಿಲ್ದಾಣ, ಸರ್ಕಾರಿ ಆಸ್ಪತ್ರೆ, ಯಾವುದಕ್ಕೆ ಬೇಕಾದರೂ ಅಂಟಿಸಬಹುದು. ಆ ಎರಡು ಪ್ಯಾರಾಗಳಿಂದಲೇ ಲೇಖನ ಬಿದ್ದುಹೋಗುತ್ತದೆ.

ಬರೆಯುವ ಮೊದಲು ಒಂದೇ ಒಂದು ವಾಕ್ಯ ಬರೆದುಕೊಳ್ಳಿ. ಅದರಲ್ಲಿ ಮೂರು ಇರಬೇಕು: ಯಾರು, ಏನು ಮಾಡಬೇಕು, ಯಾವಾಗಿನೊಳಗೆ. ‘ಗ್ರಂಥಾಲಯ ಉಳಿಯಬೇಕು’ ಎಂಬುದಕ್ಕೆ ಇಲ್ಲ ಎನ್ನುವವರೇ ಇಲ್ಲ. ಯಾರೂ ಅಲ್ಲಗಳೆಯದ ಮಾತನ್ನು ವಾದಿಸಿ ಏನು ಪ್ರಯೋಜನ? ನಿಮ್ಮ ಪಟ್ಟಿಯಲ್ಲಿ ಎದುರಾಳಿ ಇರುವ ಸಂಗತಿ ಒಂದೇ, ಗ್ರಂಥಾಲಯ ಕರದ ಬಾಕಿ. ಅಲ್ಲಿ ಹಣ ವಸೂಲು ಮಾಡಿದವರು ಒಬ್ಬರು, ಪಡೆಯಬೇಕಾದವರು ಇನ್ನೊಬ್ಬರು. ಅಲ್ಲಿ ಜಗಳವಿದೆ, ಹಾಗಾಗಿ ಲೇಖನವಿದೆ. ಉಳಿದದ್ದೆಲ್ಲ ಹೋಗಲಿ. ಸೋರುವ ಚಾವಣಿಯನ್ನು ಬೇಕಿದ್ದರೆ ಅರ್ಧ ಸಾಲಿಗೆ ಇಟ್ಟುಕೊಳ್ಳಿ.

ಉದ್ದದ ಲೆಕ್ಕ. ಹೊರಗಿನ ಬರಹಗಾರರಿಗೆ ಕನ್ನಡ ದಿನಪತ್ರಿಕೆಗಳಲ್ಲಿ ಸಿಗುವ ಜಾಗ ಹೆಚ್ಚೂಕಡಿಮೆ 400ರಿಂದ 600 ಪದ. ಓದುಗರ ಪತ್ರವಾದರೆ 100–150. ಪ್ರಜಾವಾಣಿಯ ಓದುಗರ ಪತ್ರಗಳ ‘ವಾಚಕರ ವಾಣಿ’ಯೇ ಬೇರೆ, ಲೇಖನಗಳ ‘ಸಂಗತ’ವೇ ಬೇರೆ, ಒಂದಕ್ಕೆ ಬರೆದದ್ದನ್ನು ಇನ್ನೊಂದಕ್ಕೆ ಕಳಿಸಿದರೆ ಎರಡರಲ್ಲೂ ಬರುವುದಿಲ್ಲ. ನೀವು ಕಳಿಸಲಿರುವ ಅಂಕಣದ ಕೊನೆಯ ಐದು ಲೇಖನ ತೆಗೆದು ಪದ ಎಣಿಸಿ, ಸರಾಸರಿಗಿಂತ 20 ಪದ ಕಡಿಮೆ ಬರೆಯಿರಿ. 500 ಪದ ಇದೆ ಎಂದಿಟ್ಟುಕೊಂಡರೆ ಹೀಗೆ ಹಂಚಬಹುದು: ಪ್ರವೇಶಕ್ಕೆ 60, ವಾದದ ವಾಕ್ಯಕ್ಕೆ 40, ಆಧಾರಕ್ಕೆ 180, ಎದುರು ವಾದ ಮತ್ತು ಉತ್ತರಕ್ಕೆ 100, ಬೇಡಿಕೆಗೆ 70, ಮುಗಿಸಲು 50. ಅಳತೆಪಟ್ಟಿ ಹಿಡಿದು ಬರೆಯಬೇಕಿಲ್ಲ. ಆದರೆ ಪ್ರವೇಶವೇ 200 ಆಯಿತೆಂದರೆ ಆಧಾರಕ್ಕೆ ಜಾಗ ಉಳಿಯುವುದಿಲ್ಲ. ಬಂದ ಲೇಖನಗಳಲ್ಲಿ ಅತಿ ಹೆಚ್ಚು ಕಾಣುವ ದೋಷ ಇದೇ.

ಕಡತ_ಕಪಾಟು

ಒಂದು ಪ್ರಶ್ನೆ ಮೊದಲು. ಈ ಗ್ರಂಥಾಲಯ ಪುರಸಭೆ ವ್ಯಾಪ್ತಿಯದೋ, ಗ್ರಾಮ ಪಂಚಾಯಿತಿಯದೋ? ಕರಡಿನ ನಡುವೆ ‘ಗ್ರಂಥಾಲಯ ಇಲಾಖೆ’ ಎಂದು ಬರೆದಿದ್ದರೆ ಇದು ಮುಖ್ಯ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋಗಿವೆ. ಈಗ ಅವುಗಳ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಎಂದಿರುತ್ತದೆ. ಇಂದಿಗೂ ಹಳ್ಳಿಯ ಗ್ರಂಥಾಲಯದ ಬಗ್ಗೆ ಬರೆದು ‘ಗ್ರಂಥಾಲಯ ಇಲಾಖೆ ಎಚ್ಚೆತ್ತುಕೊಳ್ಳಲಿ’ ಎಂದು ಮುಗಿಸುವ ಲೇಖನಗಳು ಬರುತ್ತವೆ. ಆ ಇಲಾಖೆಯವರು ಓದಿ, ‘ಇದು ನಮ್ಮದಲ್ಲ’ ಎಂದು ಪತ್ರಿಕೆ ಮಡಚಿಡುತ್ತಾರೆ. ತಪ್ಪು ಬಾಗಿಲು ತಟ್ಟಿದ ವಾದ ಎಷ್ಟು ಚೆನ್ನಾಗಿದ್ದರೂ ಅಷ್ಟೇ.

ಓದುಗ_ಪೇಟೆಬೀದಿ

ಪುರಸಭೆ ವ್ಯಾಪ್ತಿ. ಆದರೆ ಬಾಕಿ ಎಷ್ಟು ಎಂಬ ಅಂಕಿ ನನ್ನ ಬಳಿ ಇಲ್ಲ. ‘ಲಕ್ಷಾಂತರ ರೂಪಾಯಿ’ ಎಂದು ಬರೆದಿದ್ದೇನೆ.

ಕಡತ_ಕಪಾಟು

‘ಲಕ್ಷಾಂತರ’ ಅಂಕಿಯಲ್ಲ, ಸಿಟ್ಟು.

ಗೊತ್ತಿರುವುದರಿಂದ ಶುರು ಮಾಡೋಣ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಅಧಿನಿಯಮ 1965ರದು. ಅದರಡಿ ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ವಸೂಲು ಮಾಡುತ್ತವೆ. ₹3,000 ತೆರಿಗೆ ಕಟ್ಟುವ ಮನೆಯಿಂದ ₹180. ಈ ದುಡ್ಡು ಪುರಸಭೆಯ ಸ್ವಂತ ಆದಾಯ ಅಲ್ಲ, ವಸೂಲು ಮಾಡಿ ದಾಟಿಸಬೇಕಾದದ್ದು.

ಇನ್ನು ಗೊತ್ತಿಲ್ಲದ್ದು. ಅದಕ್ಕೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ ₹10. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. ಇದು ಗೊತ್ತಿಲ್ಲದೆ ಚಾವಣಿ, ಸಿಬ್ಬಂದಿ, ಕರ ಮೂರನ್ನೂ ಒಂದೇ ಅರ್ಜಿಯಲ್ಲಿ ತುಂಬಿದವರಿಗೆ ಅರ್ಜಿ ವಾಪಸ್ ಬರುತ್ತದೆ. ಹೀಗೆ ಬರೆಯಿರಿ:

“2021–22ರಿಂದ 2024–25ರವರೆಗೆ ಪ್ರತಿ ಆರ್ಥಿಕ ವರ್ಷಕ್ಕೆ ಪ್ರತ್ಯೇಕವಾಗಿ: 1) ಗ್ರಂಥಾಲಯ ಕರದ ಬೇಡಿಕೆ, ವಸೂಲಿ, ಬಾಕಿ, 2) ವಸೂಲಾದ ಕರದಲ್ಲಿ ಸಾರ್ವಜನಿಕ ಗ್ರಂಥಾಲಯ ಇಲಾಖೆಗೆ ವರ್ಗಾಯಿಸಿದ ಮೊತ್ತ ಮತ್ತು ದಿನಾಂಕ, 3) ವರ್ಗಾಯಿಸದೆ ಉಳಿದಿರುವ ಮೊತ್ತ. ಸಂಬಂಧಿಸಿದ ವಹಿಯ ದೃಢೀಕೃತ ನಕಲು ಒದಗಿಸಿ.”

‘ಏಕೆ ವರ್ಗಾಯಿಸಿಲ್ಲ’ ಎಂದು ಕೇಳಬೇಡಿ. ಕಡತದಲ್ಲಿ ಇರುವುದನ್ನು ಕೊಡುವುದಷ್ಟೇ ಅವರ ಹೊಣೆ, ಕಾರಣ ವಿವರಿಸುವುದಲ್ಲ. ಆ ಒಂದು ‘ಏಕೆ’ಯ ನೆಪದಲ್ಲಿ ಇಡೀ ಅರ್ಜಿಗೆ ಅರೆಬರೆ ಉತ್ತರ ಬರುತ್ತದೆ. 30 ದಿನ ಗಡುವು. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ.

ಇದೇ ಪ್ರಶ್ನೆಯ ಇನ್ನೊಂದು ಅರ್ಜಿ ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೂ ಹಾಕಿ: ‘ಈ ಪುರಸಭೆಯಿಂದ ವರ್ಷವಾರು ಸ್ವೀಕರಿಸಿದ ಗ್ರಂಥಾಲಯ ಕರ’. ಕೊಟ್ಟೆ ಎನ್ನುವವರ ಅಂಕಿ ಮತ್ತು ಪಡೆದೆ ಎನ್ನುವವರ ಅಂಕಿ ತಾಳೆಯಾದರೆ ನಿಮ್ಮ ಆಧಾರ ಗಟ್ಟಿ. ತಾಳೆಯಾಗದಿದ್ದರೆ ಆ ಅಂತರವೇ ನಿಮ್ಮ ಲೇಖನ.

ಇದಕ್ಕೆಲ್ಲ ತಿಂಗಳೊಂದೂವರೆ ಬೇಕು. ಕಾಯಿರಿ.

ಅರ್ಧವಿರಾಮ

ಕಾಯುವುದರಲ್ಲಿ ಇನ್ನೊಂದು ಲಾಭವಿದೆ, ಸಮಯ. ಅಂಕಣದ ಲೇಖನಕ್ಕೆ ‘ಈಗಲೇ ಏಕೆ’ ಎಂಬುದಕ್ಕೆ ಉತ್ತರ ಬೇಕು. ಗ್ರಂಥಾಲಯ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ನವೆಂಬರ್ 14ರಿಂದ 20ರ ಗ್ರಂಥಾಲಯ ಸಪ್ತಾಹ, ಇಲ್ಲವೇ ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಜನ್ಮದಿನವಾದ ಆಗಸ್ಟ್ 12. ಆ ವಾರಗಳಲ್ಲಿ ಗ್ರಂಥಾಲಯದ ಲೇಖನಗಳು ರಾಶಿ ಬೀಳುತ್ತವೆ, ಎಲ್ಲವೂ ‘ಜ್ಞಾನದೇಗುಲ’ದಿಂದ ಶುರುವಾಗುತ್ತವೆ. ನಿಮ್ಮದು ಕರದ ಲೇಖನ. ಅದಕ್ಕೆ ಏಪ್ರಿಲ್ ಸರಿ. ಆ ತಿಂಗಳು ಆಸ್ತಿ ತೆರಿಗೆ ಕಟ್ಟಿದರೆ ಶೇ 5 ರಿಯಾಯಿತಿ ಇರುವುದರಿಂದ ಜನ ಸಾಲಲ್ಲಿ ನಿಂತಿರುತ್ತಾರೆ. ಓದುಗರ ಕೈಯಲ್ಲೇ ರಸೀದಿ ಇರುತ್ತದೆ. ಪ್ರವೇಶ ಅಲ್ಲಿಂದಲೇ ಆಗಲಿ:

“ಏಪ್ರಿಲ್‌ನಲ್ಲಿ ಕಟ್ಟಿದ ಆಸ್ತಿ ತೆರಿಗೆಯ ರಸೀದಿಯನ್ನು ಇನ್ನೊಮ್ಮೆ ಬಿಡಿಸಿ ನೋಡಿ. ₹3,000 ತೆರಿಗೆ ಇದ್ದರೆ, ಅದರ ಕೆಳಗೆ ಗ್ರಂಥಾಲಯ ಕರ ₹180 ಎಂದಿರುತ್ತದೆ. ನೀವು ಕಟ್ಟಿದ ಆ ₹180 ಗ್ರಂಥಾಲಯಕ್ಕೆ ತಲುಪಿಲ್ಲ. ನಾಲ್ಕು ವರ್ಷಗಳಲ್ಲಿ ಪುರಸಭೆ ಹೀಗೆ ವಸೂಲು ಮಾಡಿದ್ದು ₹— ಲಕ್ಷ, ಇಲಾಖೆಗೆ ಕೊಟ್ಟದ್ದು ₹— ಲಕ್ಷ.”

ಗೆರೆ ಇರುವಲ್ಲಿ ನಿಮಗೆ ಬಂದ ಅಂಕಿ ತುಂಬಿ. ಗಾದೆ ಬೇಡ, ವಚನ ಬೇಡ. ಬಸವಣ್ಣನವರನ್ನೂ ಡಿವಿಜಿಯವರನ್ನೂ ಬಾಗಿಲಲ್ಲಿ ನಿಲ್ಲಿಸಿ ಒಳಗೆ ನಾವು ಪುರಸಭೆಯ ಲೆಕ್ಕ ಮಾತಾಡುವುದು ಅವರಿಗೂ ಮರ್ಯಾದೆ ಅಲ್ಲ.

ಡೆಸ್ಕ್_ಪಾಳಿ

ಪ್ರವೇಶ ಚೆನ್ನಾಗಿದೆ. ಆದರೆ ‘ತಲುಪಿಲ್ಲ’ ಎಂಬುದು ಸುಳ್ಳಾಗಬಹುದು. ಮುಂದಿನ ಸಾಲಿನಲ್ಲೇ ‘ಇಷ್ಟು ಕೊಟ್ಟಿದೆ’ ಎನ್ನುತ್ತೀರಿ. ಭಾಗಶಃ ಕೊಟ್ಟಿದ್ದರೆ ‘₹180ರಲ್ಲಿ ತಲುಪಿದ್ದು ₹—’ ಎಂದು ಲೆಕ್ಕ ಹಾಕಿ ಬರೆಯಿರಿ. ಉದಾಹರಣೆಗೆ ವಸೂಲಿನ ಮೂರನೇ ಒಂದು ಭಾಗ ವರ್ಗಾವಣೆ ಆಗಿದ್ದರೆ ₹60. ಆಗ ವಾಕ್ಯ ಇನ್ನೂ ಚುರುಕಾಗುತ್ತದೆ, ಜೊತೆಗೆ ನಿಜವೂ ಆಗಿರುತ್ತದೆ.

ನದಿದಂಡೆ

ಅಂಕಿ ಒಣಗಿಸುತ್ತದೆ ಸರ್. ಮನುಷ್ಯರು ಎಲ್ಲಿ? ಕೆಪಿಎಸ್‌ಸಿ ಪರೀಕ್ಷೆಗೆ ಓದಲು ಬಂದ ಹುಡುಗಿಗೆ ಕುರ್ಚಿ ಸಿಗದೆ ಮೆಟ್ಟಿಲ ಮೇಲೆ ಕೂತಿರುವುದನ್ನು ಬರೆದರೆ ಓದುಗರಿಗೆ ತಟ್ಟುವುದಿಲ್ಲವೇ? ಜೊತೆಗೆ, ಬಾಕಿ ₹12 ಲಕ್ಷ ಎಂದಾದರೆ, ಪುಸ್ತಕಕ್ಕೆ ₹200ರಂತೆ 6,000 ಪುಸ್ತಕ ಎಂದು ಹೇಳಿದರೆ ಕಣ್ಣಿಗೆ ಕಟ್ಟುತ್ತದೆ.

ಅರ್ಧವಿರಾಮ

ಮೆಟ್ಟಿಲ ಮೇಲಿನ ಹುಡುಗಿ ನಿಜವಾಗಿ ಇದ್ದರೆ ಖಂಡಿತ ಬರಲಿ, ಎರಡು ಸಾಲು, ಹೆಸರಿಲ್ಲದೆ, ಯಾವ ದಿನ ಎಷ್ಟು ಗಂಟೆಗೆ ಎಂಬುದರ ಸಮೇತ. ‘ಮಂಗಳವಾರ ಬೆಳಿಗ್ಗೆ 11ಕ್ಕೆ 14 ಕುರ್ಚಿ, 23 ಓದುಗರು’ ಎಂದು ಎಣಿಸಿ ಬರೆದದ್ದು ತಟ್ಟುತ್ತದೆ. ‘ಎಷ್ಟೋ ಬಡ ವಿದ್ಯಾರ್ಥಿಗಳು ಕಣ್ಣೀರಿಡುತ್ತಿದ್ದಾರೆ’ ತಟ್ಟುವುದಿಲ್ಲ. ಕಲ್ಪಿಸಿಕೊಂಡ ಹುಡುಗಿ ಮಾತ್ರ ಬೇಡವೇ ಬೇಡ.

6,000 ಪುಸ್ತಕದ ಲೆಕ್ಕ ಅಪಾಯಕಾರಿ. ಕರದ ಹಣ ಪುಸ್ತಕಕ್ಕಷ್ಟೇ ಹೋಗುವುದಿಲ್ಲ. ಪತ್ರಿಕೆ, ಬಾಡಿಗೆ, ವಿದ್ಯುತ್, ಪೀಠೋಪಕರಣ ಎಲ್ಲಕ್ಕೂ ಅದೇ. ‘ಎಲ್ಲ ಪುಸ್ತಕಕ್ಕೇ ಹೋಗುತ್ತಿತ್ತು ಎಂದವರಾರು?’ ಎಂದು ಒಬ್ಬ ಗುಮಾಸ್ತ ಕೇಳಿದರೆ ನಿಮ್ಮ ಇಡೀ ಲೇಖನ ಅಲುಗಾಡುತ್ತದೆ. ‘ಈ ಹಣದ ಕಾಲುಭಾಗ ಪುಸ್ತಕಕ್ಕೆ ಹೋದರೂ 1,500’ ಎಂದು ಇಳಿಸಿ ಹೇಳಿ. ಇಳಿಸಿ ಹೇಳಿದ ಅಂಕಿಯನ್ನು ಯಾರೂ ಜಗ್ಗಲಾರರು.

ಮಗ್ಗಲು

ಇನ್ನೂ ಯಾರೂ ಎದುರು ವಾದಕ್ಕೆ ಕೈ ಹಾಕಿಲ್ಲ. ಲೇಖನ ಗೆಲ್ಲುವುದೂ ಸೋಲುವುದೂ ಅಲ್ಲೇ.

ಹೆಚ್ಚಿನವರು ಆಯ್ದುಕೊಳ್ಳುವ ಎದುರು ವಾದ: ‘ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಗ್ರಂಥಾಲಯ ಏಕೆ?’ ಇದು ಹೊಡೆದು ಬೀಳಿಸಲು ನಾವೇ ಕಟ್ಟಿಕೊಂಡ ಹುಲ್ಲಿನ ಗೊಂಬೆ. ಪುರಸಭೆಯವರು ಈ ಮಾತು ಆಡುವುದೇ ಇಲ್ಲ. ಅವರು ನಿಜವಾಗಿ ಏನು ಹೇಳುತ್ತಾರೆ? ‘ತೆರಿಗೆಯೇ ಪೂರ್ತಿ ವಸೂಲಾಗುತ್ತಿಲ್ಲ. ಬಂದದ್ದರಲ್ಲಿ ಕುಡಿಯುವ ನೀರು, ಬೀದಿದೀಪದ ಬಿಲ್, ಪೌರಕಾರ್ಮಿಕರ ಸಂಬಳ ಮೊದಲು. ಗ್ರಂಥಾಲಯ ಕಾಯಬಹುದು, ನೀರು ಕಾಯುವುದಿಲ್ಲ.’ ಈ ಮಾತಿಗೆ ತೂಕವಿದೆ. ಓದುವ ನಾಗರಿಕರೂ ತಲೆಯಾಡಿಸುತ್ತಾರೆ. ಆದ್ದರಿಂದ ಇದನ್ನೇ ಎತ್ತಿಕೊಳ್ಳಿ, ಅವರಿಗಿಂತ ಚೆನ್ನಾಗಿ ಹೇಳಿ, ಆಮೇಲೆ ಉತ್ತರಿಸಿ.

ಉತ್ತರ ಪುರಸಭೆಯ ಭಾಷೆಯಲ್ಲೇ ಇದೆ. ಅವರ ಕಡತದಲ್ಲಿ ‘ಡಿಸಿಬಿ’ ಅಂತ ಒಂದು ಪಟ್ಟಿ ಇರುತ್ತದೆ: ಬೇಡಿಕೆ, ವಸೂಲಿ, ಬಾಕಿ. ನೀವು ಬೇಡಿಕೆಯ ಮೇಲೆ ಶೇ 6 ಕೇಳುತ್ತಿಲ್ಲ. ವಸೂಲಾದದ್ದರ ಮೇಲೆ ಕೇಳುತ್ತಿದ್ದೀರಿ. ‘ವಸೂಲಾಗದ ಕರವನ್ನು ಪುರಸಭೆ ಕೊಡಲಿ ಎಂದು ಯಾರೂ ಕೇಳುತ್ತಿಲ್ಲ. ಗ್ರಂಥಾಲಯದ ಹೆಸರು ಹೇಳಿ ತೆಗೆದುಕೊಂಡದ್ದನ್ನು ಕೊಡಲಿ’ ಎಂಬ ಎರಡು ವಾಕ್ಯಕ್ಕೆ ನೀರು, ದೀಪ, ಸಂಬಳದ ವಾದವೆಲ್ಲ ಉದುರುತ್ತದೆ. ಏಕೆಂದರೆ ಅವುಗಳಿಗೆ ಬೇರೆ ಬಾಬ್ತು ಇದೆ, ಇದು ಬೇರೆಯವರ ಬಾಬ್ತು. ಅರ್ಜಿಯಲ್ಲಿ ಬೇಡಿಕೆ, ವಸೂಲಿ ಎರಡನ್ನೂ ಬೇರೆ ಬೇರೆ ಕೇಳಿ ಎಂದು ಕಡತ_ಕಪಾಟು ಹೇಳಿದ್ದು ಇದಕ್ಕೇ ಇರಬೇಕು.

ಒಂದು ಎಚ್ಚರ. ಎದುರು ವಾದವನ್ನು ಲೇಖನದ ಕೊನೆಗೆ ತಳ್ಳಬೇಡಿ. ಓದುಗರ ತಲೆಯಲ್ಲಿ ಆ ಪ್ರಶ್ನೆ ಏಳುವುದು ಅಂಕಿ ಓದಿದ ಕೂಡಲೇ. ಅಲ್ಲೇ ಉತ್ತರ ಸಿಗದಿದ್ದರೆ ಮುಂದಿನದನ್ನು ಅನುಮಾನದಿಂದ ಓದುತ್ತಾರೆ. ಹಾಗೆಯೇ ‘ಕೆಲವರು ಹೇಳಬಹುದು’ ಎಂದು ಶುರು ಮಾಡಬೇಡಿ. ಯಾರು ಹೇಳುತ್ತಾರೋ ಅವರನ್ನೇ ಹೆಸರಿಸಿ, ‘ಪುರಸಭೆಯ ವಾದ ಇಷ್ಟು’ ಅನ್ನಿ. ಇನ್ನೂ ಒಳ್ಳೆಯದು, ಮುಖ್ಯಾಧಿಕಾರಿಯನ್ನು ಕೇಳಿ ಅವರ ಮಾತನ್ನೇ ಒಂದು ಸಾಲು ಹಾಕಿ.

ಕರಡು_ಕತ್ತರಿ

ಭಾಷೆಯ ಕಡೆಗೆ ಬರೋಣ. ಕನ್ನಡ ಲೇಖನಗಳ ದೊಡ್ಡ ಕಾಯಿಲೆ ಎಂದರೆ ಮಾಡಿದವರು ಯಾರೆಂದು ಹೇಳದೆ ಇಡೀ ಪುಟ ಬರೆಯಬಹುದು. ‘ಮಾಡಲಾಗಿದೆ’ ಎಂಬ ಇಂಗ್ಲಿಷ್ ಬಳುವಳಿಯನ್ನು ಎಲ್ಲರೂ ಬೈಯುತ್ತಾರೆ, ಸರಿ. ಆದರೆ ಅಪ್ಪಟ ಕನ್ನಡದ ‘ಆಗು’ ಇನ್ನೂ ಕಳ್ಳ. ‘ಕರ ವರ್ಗಾವಣೆ ಆಗಿಲ್ಲ.’ ಮಳೆ ಆಗಿಲ್ಲ ಎಂದ ಹಾಗೆ! ಯಾರು ಮಾಡಿಲ್ಲ? ‘ಪುರಸಭೆ ಕರ ವರ್ಗಾಯಿಸಿಲ್ಲ.’ ಅದೇ ಮೂರು ಪದ, ಹೊಣೆ ಮಾತ್ರ ಗುರುತಾಯಿತು.

‘ಬೇಕಿದೆ’ಯೂ ಹಾಗೆಯೇ. ‘ಕಾಯಕಲ್ಪ ನೀಡಬೇಕಿದೆ’, ‘ಚಿಂತನೆ ನಡೆಯಬೇಕಿದೆ’, ‘ಮನಗಾಣಬೇಕಿದೆ’. ಕರಡಿನಲ್ಲಿ Ctrl+F ಒತ್ತಿ ‘ಬೇಕಿದೆ’, ‘ಬೇಕಾಗಿದೆ’ ಹುಡುಕಿ, ಪ್ರತಿಯೊಂದರ ಪಕ್ಕ ‘ಯಾರು?’ ಎಂದು ಬರೆಯಿರಿ. ಉತ್ತರ ಇದ್ದರೆ ವಾಕ್ಯ ತಿದ್ದಿ. ಇಲ್ಲದಿದ್ದರೆ ವಾಕ್ಯವನ್ನೇ ಅಳಿಸಿ.

ಇನ್ನೊಂದು, ಕ್ರಿಯಾಪದ ಕೊನೆಯಲ್ಲಿ ಬರುವ ಭಾಷೆ ನಮ್ಮದು. ‘ಇರುವ’, ‘ಮಾಡಿದ’, ‘ಆಗದ’ಗಳನ್ನು ಪೋಣಿಸುತ್ತಾ ಹೋದರೆ ಓದುಗರು ಉಸಿರು ಬಿಗಿಹಿಡಿದು ಕೊನೆಯವರೆಗೆ ಕಾಯಬೇಕು. ಹೀಗೆ:

“ಪುರಸಭೆಯು ವಸೂಲು ಮಾಡಿರುವ ಆದರೆ ಇಲಾಖೆಗೆ ವರ್ಗಾಯಿಸದೇ ಉಳಿಸಿಕೊಂಡಿರುವ ಗ್ರಂಥಾಲಯ ಕರದ ಮೊತ್ತವನ್ನು ಬಿಡುಗಡೆಗೊಳಿಸುವ ನಿಟ್ಟಿನಲ್ಲಿ ಕ್ರಮ ಕೈಗೊಳ್ಳುವ ಅಗತ್ಯವಿದೆ ಎಂಬುದನ್ನು ಅಲ್ಲಗಳೆಯುವಂತಿಲ್ಲ.”

ಬಿಡಿಸಿದರೆ: “ಪುರಸಭೆ ಕರ ವಸೂಲು ಮಾಡಿದೆ. ಇಲಾಖೆಗೆ ಕೊಟ್ಟಿಲ್ಲ. ಕೊಡಬೇಕು.” ಮೂರೂ ಹೀಗೆ ಚುಟುಕಾಗಿದ್ದರೆ ನಗಾರಿ ಬಾರಿಸಿದಂತೆ ಕೇಳುತ್ತದೆ, ನಡುನಡುವೆ 12–15 ಪದದ ವಾಕ್ಯ ಇರಲಿ. ಗಟ್ಟಿಯಾಗಿ ಓದಿ ನೋಡಿ. ಎಲ್ಲಿ ಉಸಿರು ಸಾಲುವುದಿಲ್ಲವೋ ಅಲ್ಲಿ ಕತ್ತರಿ.

‘ನಿಟ್ಟಿನಲ್ಲಿ’, ‘ಹಿನ್ನೆಲೆಯಲ್ಲಿ’, ‘ಅಲ್ಲಗಳೆಯುವಂತಿಲ್ಲ’, ‘ಯಕ್ಷಪ್ರಶ್ನೆ’, ‘ಮಲತಾಯಿ ಧೋರಣೆ’, ‘ಜಾಣ ಕುರುಡು’, ‘ಶೋಚನೀಯ’, ‘ವಿಪರ್ಯಾಸ’. ಇವನ್ನು ತೆಗೆದರೆ ನಿಮ್ಮ 1,150 ಪದ ತಾನಾಗಿ 1,000ಕ್ಕೆ ಇಳಿಯುತ್ತದೆ. ‘ವಿಪರ್ಯಾಸ’ ಅಂದರೆ ತಿರುವುಮುರುವು ಎಂದರ್ಥ, ‘ಬೇಜಾರಿನ ಸಂಗತಿ’ ಎಂದಲ್ಲ. ಇದು ನನ್ನ ಖಾಸಗಿ ಜಗಳ, ಬಿಡಿ.

ಕರಿಕೋಟು

ಕರಡಿನ ನಡುವಿನ ಭಾಗ ನಾವು ನೋಡಿಲ್ಲ. ಅಲ್ಲಿ ‘ಹಣ ನುಂಗಿದ್ದಾರೆ’, ‘ಗುಳುಂ ಮಾಡಿದ್ದಾರೆ’ ಥರದ್ದೇನಾದರೂ ಇದ್ದರೆ ಈಗಲೇ ತೆಗೆಯಿರಿ. ವರ್ಗಾಯಿಸದಿರುವುದು ಬೇರೆ, ನುಂಗುವುದು ಬೇರೆ. ಮೊದಲನೆಯದಕ್ಕೆ ನಿಮ್ಮ ಕೈಯಲ್ಲಿ ಕಾಗದವಿದೆ, ಎರಡನೆಯದಕ್ಕೆ ಇಲ್ಲ.

ಕಾನೂನು ಚುಟುಕಾಗಿ. 2024ರ ಜುಲೈ 1ರಿಂದ ಮಾನಹಾನಿ ಅಪರಾಧ ಭಾರತೀಯ ನ್ಯಾಯ ಸಂಹಿತೆಯ ಕಲಂ 356ರಲ್ಲಿದೆ (ಹಳೆಯ ಐಪಿಸಿ 499, 500). ಎರಡು ವರ್ಷದವರೆಗೆ ಸಾದಾ ಸಜೆ, ದಂಡ, ಎರಡೂ, ಅಥವಾ ಸಮುದಾಯ ಸೇವೆ. ವಿನಾಯಿತಿಗಳೂ ಅಲ್ಲೇ ಇವೆ: ಸಾರ್ವಜನಿಕ ಹಿತಕ್ಕಾಗಿ ಹೇಳಿದ ಸತ್ಯ, ಮತ್ತು ಸಾರ್ವಜನಿಕ ನೌಕರರು ಕರ್ತವ್ಯದಲ್ಲಿ ನಡೆದುಕೊಂಡ ರೀತಿಯ ಬಗ್ಗೆ ಸದ್ಭಾವನೆಯ ಅಭಿಪ್ರಾಯ. ಸ್ಥಳೀಯ ಸಂಸ್ಥೆಯೊಂದು ತನ್ನ ಮಾನ ಹೋಯಿತೆಂದು ಪರಿಹಾರದ ದಾವೆ ಹೂಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1994ರ ಆರ್. ರಾಜಗೋಪಾಲ್ ಪ್ರಕರಣದಲ್ಲಿ ಹೇಳಿದೆ. ಆದರೆ ಅಧಿಕಾರಿಯನ್ನು ವ್ಯಕ್ತಿಯಾಗಿ ಎಳೆದುತಂದರೆ ಲೆಕ್ಕ ಬೇರೆ. ಹಾಗಾಗಿ ಹುದ್ದೆಯನ್ನು ಹೆಸರಿಸಿ, ವ್ಯಕ್ತಿಯನ್ನಲ್ಲ: ‘ಪುರಸಭೆ ಇಂಥ ದಿನಾಂಕದ ಉತ್ತರದಲ್ಲಿ ತಿಳಿಸಿರುವಂತೆ’. ಈ ಐದು ಪದ ನಿಮ್ಮನ್ನೂ ಕಾಯುತ್ತದೆ, ಸಂಪಾದಕರನ್ನೂ ಕಾಯುತ್ತದೆ. ಅನುಮಾನದ ವಾಕ್ಯವಿರುವ ಲೇಖನವನ್ನು ಡೆಸ್ಕ್ (ಪತ್ರಿಕೆಯ ಸಂಪಾದನಾ ವಿಭಾಗ) ತಿದ್ದಿಕೊಳ್ಳುವುದಿಲ್ಲ, ಪಕ್ಕಕ್ಕಿಡುತ್ತದೆ.

ಸೀಮೆಸುಣ್ಣ

ಸರ್ಕಾರಿ ಶಾಲೆಯ ಮೇಷ್ಟ್ರು ಇಂಥದ್ದು ಬರೆಯಬಹುದೇ? ಕಾವ್ಯನಾಮದಲ್ಲಿ?

ಕರಿಕೋಟು

ಕಥೆ, ಕವಿತೆ, ವಿಜ್ಞಾನ ಬರಹ ಬೇರೆ. ಸರ್ಕಾರದ ನೀತಿ, ಕ್ರಮಗಳ ಟೀಕೆಗೆ ಕರ್ನಾಟಕ ರಾಜ್ಯ ಸಿವಿಲ್ ಸೇವಾ (ನಡತೆ) ನಿಯಮಗಳು, 2021 ಅಡ್ಡ ಬರುತ್ತವೆ. ಮೊದಲು ಆ ನಿಯಮ ಓದಿ, ಬೇಕಾದ ಅನುಮತಿಯನ್ನು ಲಿಖಿತವಾಗಿ ಪಡೆಯಿರಿ. ಕಾವ್ಯನಾಮ ರಕ್ಷಣೆ ಅಲ್ಲ. ಪತ್ರಿಕೆಗೆ ನಿಜ ಹೆಸರು, ವಿಳಾಸ ಹೇಗೂ ಕೊಡಲೇಬೇಕು.

ಡೆಸ್ಕ್_ಪಾಳಿ

ಕಳಿಸುವ ವಿಧಾನ, ಇದೂ ಅರ್ಧ ಕೆಲಸ.

ಯುನಿಕೋಡ್‌ನಲ್ಲಿ ಟೈಪ್ ಮಾಡಿ. ಮೇಲ್‌ನ ಒಡಲಲ್ಲೇ ಅಂಟಿಸಿ, ಜೊತೆಗೆ ವರ್ಡ್ ಕಡತವೂ ಇರಲಿ. ಪಿಡಿಎಫ್, ಕೈಬರಹದ ಫೋಟೊ, ವಾಟ್ಸ್‌ಆ್ಯಪ್ ಸಂದೇಶ ಯಾವುದೂ ಬೇಡ. ಅದನ್ನು ಮತ್ತೆ ಟೈಪ್ ಮಾಡಲು ಯಾರಿಗೂ ಪುರಸೊತ್ತಿಲ್ಲ. ಪುಟವಿನ್ಯಾಸಕ್ಕೆ ಹೋಗುವಾಗ ಅಕ್ಷರ ಪರಿವರ್ತನೆ ಆಗುವುದುಂಟು. ಆಗ ಒಡೆಯುವುದು ಹೆಚ್ಚಾಗಿ ‘ರ‍್ಯಾಂಕ್’, ‘ಆ್ಯಪ್’ನಂಥ ಅಕ್ಷರಗಳು ಮತ್ತು ₹ ಚಿಹ್ನೆ. ‘₹12 ಲಕ್ಷ’ದ ಚಿಹ್ನೆ ಮಾಯವಾದರೆ ನಷ್ಟವಿಲ್ಲ. ಬಿಂದು ಮಾಯವಾಗಿ ‘1.2 ಲಕ್ಷ’ ‘12 ಲಕ್ಷ’ ಆದರೆ ಮರುದಿನ ತಿದ್ದುಪಡಿ ಹಾಕಬೇಕು. ಮುಖ್ಯ ಅಂಕಿಗಳನ್ನು ಲೇಖನದ ಕೆಳಗೆ ಅಕ್ಷರದಲ್ಲೂ ಒಮ್ಮೆ ಬರೆದು, ‘ಡೆಸ್ಕ್‌ಗಾಗಿ’ ಎಂದು ಗುರುತು ಹಾಕಿ. ಮಾಹಿತಿ ಹಕ್ಕಿನ ಉತ್ತರದ ಸ್ಕ್ಯಾನ್ ಪ್ರತಿ ಲಗತ್ತಿಸಿ.

ಮೇಲ್‌ನ ವಿಷಯದ ಸಾಲಲ್ಲಿ ‘ಲೇಖನ’ ಎಂದಷ್ಟೇ ಬರೆದರೆ ದಿನಕ್ಕೆ ಬರುವ ಅಂಥ ಹತ್ತಾರು ಮೇಲ್‌ಗಳಲ್ಲಿ ಕಳೆದುಹೋಗುತ್ತದೆ. ‘ಲೇಖನ (490 ಪದ): ಗ್ರಂಥಾಲಯ ಕರ ಎಲ್ಲಿ ನಿಂತಿದೆ?’ ಎಂದು ಹಾಕಿ. ಶೀರ್ಷಿಕೆ ಸೂಚಿಸಿ, ನಾಲ್ಕೈದು ಪದ ಸಾಕು, ಆದರೆ ಅದನ್ನು ಬದಲಿಸುವ ಹಕ್ಕು ಡೆಸ್ಕ್‌ನದು. ಶೀರ್ಷಿಕೆಯನ್ನೇ ನಂಬಿ ಮೊದಲ ವಾಕ್ಯ ಕಟ್ಟಬೇಡಿ. ಶೀರ್ಷಿಕೆ ಬದಲಾದರೆ ‘ಈ ಪ್ರಶ್ನೆಗೆ’ ಎಂದು ಶುರುವಾಗುವ ವಾಕ್ಯ ಅನಾಥ. ಕೊನೆಗೆ ಹೆಸರು, ಊರು, ಫೋನ್, ಎರಡು ಸಾಲು ಪರಿಚಯ. ಈ ವಿಷಯಕ್ಕೂ ನಿಮಗೂ ಏನು ಸಂಬಂಧ ಎಂಬುದು ಪರಿಚಯದಲ್ಲಿ ಇರಲಿ, ಪ್ರಶಸ್ತಿಗಳ ಪಟ್ಟಿ ಅಲ್ಲ. ಪುರಸಭೆಯ ಜೊತೆ ನಿಮಗೆ ಬೇರೆ ವ್ಯಾಜ್ಯವಿದ್ದರೆ ಅದನ್ನೂ ತಿಳಿಸಿ.

ಒಂದೇ ಬಾರಿಗೆ ನಾಲ್ಕು ಪತ್ರಿಕೆಗೆ ಕಳಿಸಬೇಡಿ. ಒಂದೇ ದಿನ ಎರಡರಲ್ಲಿ ಬಂದರೆ ಎರಡೂ ಬಾಗಿಲು ಮುಚ್ಚಿದಂತೆ. ಒಂದು ವಾರ, ಹತ್ತು ದಿನ ಕಾದು, ‘ಹಿಂಪಡೆಯುತ್ತಿದ್ದೇನೆ’ ಎಂದು ಮೇಲ್ ಹಾಕಿ ಮುಂದಿನ ಪತ್ರಿಕೆಗೆ. ಅಷ್ಟರೊಳಗೆ ಫೇಸ್‌ಬುಕ್‌ಗೆ ಹಾಕಿದಿರೋ, ಹೆಚ್ಚಿನ ಕಡೆ ಅದು ‘ಪ್ರಕಟಿತ’.

ಮಗ್ಗಲು

ರಾಜ್ಯಮಟ್ಟದ ಪತ್ರಿಕೆಗೇ ಏಕೆ? ಒಂದು ಪುರಸಭೆಯ ಲೆಕ್ಕ ಬೀದರ್‌ನ ಓದುಗರಿಗೂ ಬೇಕೆಂದರೆ ಇನ್ನೂ ಎರಡು ಮೂರು ಪುರಸಭೆಗಳ ಅಂಕಿ ಬೇಕು. ಇಲ್ಲದಿದ್ದರೆ ನಿಮ್ಮ ಜಿಲ್ಲೆಯ ಪತ್ರಿಕೆಗೆ ಕೊಡಿ. ಮೈಸೂರಿನ ಆಂದೋಲನ, ದಾವಣಗೆರೆಯ ಜನತಾವಾಣಿಯಂಥವನ್ನು ಪುರಸಭೆಯ ಮೇಜಿನ ಮೇಲೆ ಬೆಳಿಗ್ಗೆಯೇ ಓದುತ್ತಾರೆ. ಯಾರ ಮನಸ್ಸು ಬದಲಾಗಬೇಕೋ ಅವರು ಓದುವ ಪತ್ರಿಕೆಯೇ ದೊಡ್ಡ ಪತ್ರಿಕೆ.

ಓದುಗ_ಪೇಟೆಬೀದಿ

ಎಲ್ಲರಿಗೂ ಶರಣು. ಎರಡೂ ಅರ್ಜಿ ಇವತ್ತೇ ಸಿದ್ಧ ಮಾಡಿದೆ. ಅಂಕಿ ಬಂದ ಮೇಲೆ ಪ್ರವೇಶ ತುಂಬುತ್ತೇನೆ. ಇದ್ದ 1,150ರಲ್ಲಿ ಈಗ ಉಳಿದಿರುವುದು 430. ಕೊನೆಯ ಪ್ಯಾರಾ ಹೀಗೆ ಬದಲಾಯಿಸಿದೆ:

“ಪುರಸಭೆ ಮಾಡಬೇಕಾದದ್ದು ಎರಡು. ಈವರೆಗೆ ವಸೂಲಾಗಿ ಉಳಿದಿರುವ ಗ್ರಂಥಾಲಯ ಕರವನ್ನು ಕೂಡಲೇ ಇಲಾಖೆಗೆ ವರ್ಗಾಯಿಸಬೇಕು. ಇನ್ನು ಮುಂದೆ ಪ್ರತಿ ತಿಂಗಳು ವಸೂಲಾದ ಕರ ಎಷ್ಟು, ವರ್ಗಾಯಿಸಿದ್ದು ಎಷ್ಟು ಎಂಬುದನ್ನು ಕಚೇರಿಯ ಸೂಚನಾ ಫಲಕದಲ್ಲಿ ಹಾಕಬೇಕು. ಎರಡನೆಯದಕ್ಕೆ ಒಂದು ಹಾಳೆ, ನಾಲ್ಕು ಗುಂಡುಸೂಜಿ ಸಾಕು.”

ಅರ್ಧವಿರಾಮ

ಗುಂಡುಸೂಜಿಯಲ್ಲಿ ನಿಲ್ಲಿಸಿದ್ದು ಸರಿ, ಮುಂದೆ ಏನೂ ಸೇರಿಸಬೇಡಿ.

ಡೆಸ್ಕ್_ಪಾಳಿ

‘ಕೂಡಲೇ’ ತೆಗೆದು ‘ಜೂನ್ 30ರೊಳಗೆ’ ಹಾಕಿ. ಜುಲೈ 1ಕ್ಕೆ ಮುಂದಿನ ಲೇಖನದ ಮೊದಲ ಸಾಲು ಸಿಗುತ್ತದೆ.